ಕದನ ವಿರಾಮ: ಅಲ್ಪವಿರಾಮವೋ, ಪೂರ್ಣವಿರಾಮವೋ?

ನವೆಂಬರ್ 11 ಬಂದರೆ ಸಾಕು, ‘ಮೊದಲ ಮಹಾಯುದ್ಧದ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದ ದಿನ’ ಎಂಬ ಸಾಲು ಎಲ್ಲ ಕಡೆ ಕಾಣುತ್ತದೆ. ಈ ಸಲವೂ ಕಂಡೆ, ಸುಮ್ನೆ ಇರಲು ಆಗಲಿಲ್ಲ. ಆ ದಿನದ ಹೆಸರು ಆರ್ಮಿಸ್ಟಿಸ್ ಡೇ. ಆರ್ಮಿಸ್ಟಿಸ್ ಅಂದರೆ ಕದನ ವಿರಾಮ. ಶಾಂತಿ ಒಪ್ಪಂದ ಬೇರೆ, ಶರಣಾಗತಿ ಬೇರೆ, ಗೆಲುವು ಬೇರೆ.

ಲ್ಯಾಟಿನ್‌ನಲ್ಲಿ ‘ಆರ್ಮಾ’ ಅಂದರೆ ಆಯುಧ. ಪದದ ಉಳಿದ ತುಂಡು ‘ನಿಲ್ಲು, ನಿಲ್ಲಿಸು’ ಎಂಬ ಅರ್ಥದ ಧಾತುವಿನಿಂದ ಬಂದದ್ದು. ಸಾಲ್‌ಸ್ಟಿಸ್ ಪದದಲ್ಲೂ ಅದೇ ತುಂಡು ಇದೆ. ಅಲ್ಲಿ ನಿಲ್ಲುವವನು ಸೂರ್ಯ. ವರ್ಷಕ್ಕೆ ಎರಡು ಸಲ ಅವನು ಉತ್ತರಕ್ಕೋ ದಕ್ಷಿಣಕ್ಕೋ ಸರಿಯುವುದನ್ನು ನಿಲ್ಲಿಸಿದಂತೆ ಕಾಣುತ್ತಾನೆ, ಆಮೇಲೆ ತಿರುಗಿ ಹೊರಡುತ್ತಾನೆ. ನಿಂತ ಅಂದರೆ ಮುಗಿಯಿತು ಅಂತಲ್ಲ, ಅಲ್ವಾ? ಆಯುಧಗಳ ಮಾತೂ ಅಷ್ಟೇ.

ನಮ್ಮ ‘ವಿರಾಮ’ವೂ ನಿಲ್ಲುವುದೇ. ಆದರೆ ಕನ್ನಡದಲ್ಲಿ ಅಲ್ಪವಿರಾಮವೂ ಇದೆ, ಪೂರ್ಣವಿರಾಮವೂ ಇದೆ. ಕದನ ವಿರಾಮ ಅಂತ ಓದಿದವರು ಮನಸ್ಸಿನಲ್ಲೇ ಪೂರ್ಣವಿರಾಮ ಇಟ್ಟುಬಿಡುತ್ತಾರೆ. ದಯವಿಟ್ಟು ಅಲ್ಪವಿರಾಮ ಇಟ್ಟು ಓದಿ.

1918ರಲ್ಲಿ ನಡೆದದ್ದನ್ನೇ ನೋಡಿ. ಫ್ರಾನ್ಸಿನ ಕೊಂಪಿಯೆನ್ ಕಾಡಿನಲ್ಲಿ, ಮಿತ್ರರಾಷ್ಟ್ರಗಳ ಸೇನಾ ಮುಖ್ಯಸ್ಥ ಮಾರ್ಷಲ್ ಫೋಶ್ ಅವರ ರೈಲು ಬೋಗಿಯಲ್ಲಿ, ಜರ್ಮನಿ ಮತ್ತು ಮಿತ್ರರಾಷ್ಟ್ರಗಳ ಕದನ ವಿರಾಮಕ್ಕೆ ಬೆಳಗಿನ ಜಾವ ಸಹಿ ಬಿತ್ತು. 11 ಗಂಟೆಗೆ ಗುಂಡು ನಿಂತಿತು. ಆ ಒಪ್ಪಂದದ ಅವಧಿ ಬರೀ 36 ದಿನ! ಮತ್ತೆ ಮತ್ತೆ ವಿಸ್ತರಿಸಬೇಕಾಯಿತು. ಜರ್ಮನಿಗೆ ಹಾಕಿದ್ದ ಸಮುದ್ರ ದಿಗ್ಬಂಧನ 1919ರ ಜುಲೈವರೆಗೂ ಪೂರ್ತಿ ತೆರವಾಗಲಿಲ್ಲ. ವರ್ಸೈ ಶಾಂತಿ ಒಪ್ಪಂದಕ್ಕೆ ಸಹಿಯಾದದ್ದು 1919ರ ಜೂನ್ 28ಕ್ಕೆ, ಅದು ಜಾರಿಗೆ ಬಂದದ್ದು 1920ರ ಜನವರಿ 10ಕ್ಕೆ. ಬ್ರಿಟನ್ನಿನ ಎಷ್ಟೋ ಸ್ಮಾರಕಗಳ ಮೇಲೆ 1914–1919 ಅಂತ ಕೆತ್ತಿರುವುದು ಕೈತಪ್ಪಲ್ಲ.

ನವೆಂಬರ್ 11ನ್ನು ‘ವಿಜಯ ದಿನ’ ಅನ್ನುವವರಿಗೆ ಇನ್ನೊಂದು ದಿನ ನೆನಪಿಸುತ್ತೇನೆ. 1940ರ ಜೂನ್ 22. ಅದೇ ಕಾಡು, ಅದೇ ಬೋಗಿ. ಹಿಟ್ಲರ್ ಹಟ ಹಿಡಿದು ಅದನ್ನೇ ವಸ್ತುಸಂಗ್ರಹಾಲಯದಿಂದ ಹೊರಗೆ ತರಿಸಿದ್ದ. ಈ ಸಲ ಸೋತದ್ದು ಫ್ರಾನ್ಸ್. ಅದಕ್ಕೂ ಆರ್ಮಿಸ್ಟಿಸ್ ಎಂದೇ ಹೆಸರು. ಪದದೊಳಗೆ ಗೆಲುವು ಇಲ್ಲವೇ ಇಲ್ಲ. 1945ರ ಮೇ 8 ಹಾಗಲ್ಲ, ಅದು ಜರ್ಮನಿ ಷರತ್ತಿಲ್ಲದೆ ಶರಣಾದ ದಿನ. ಅದನ್ನು ವಿಜಯ ದಿನ ಅನ್ನಬಹುದು. ಫ್ರಾನ್ಸಿನಲ್ಲಿ ನವೆಂಬರ್ 11ಕ್ಕೂ ಮೇ 8ಕ್ಕೂ ಬೇರೆ ಬೇರೆ ರಜೆ ಇದೆ.

ಒಂದು ಮಾತು ಒಪ್ಪಬೇಕು. ನವೆಂಬರ್ 11ನ್ನು ರಜೆಯಾಗಿಸಿದ 1922ರ ಫ್ರೆಂಚ್ ಕಾನೂನೇ ಅದನ್ನು ‘ಗೆಲುವು ಮತ್ತು ಶಾಂತಿ’ಯ ಸ್ಮರಣೆ ಎಂದು ಕರೆಯಿತು. ಗೊಂದಲದ ಒಂದು ಬೇರು ಅಲ್ಲಿದೆ. ಜನರ ಬಾಯಲ್ಲಿ ಮಾತ್ರ ಉಳಿದದ್ದು ಆರ್ಮಿಸ್ಟಿಸ್ಸೇ. ಅಮೆರಿಕದಲ್ಲಿ 1938ರಲ್ಲಿ ಅದೇ ಹೆಸರಿನಲ್ಲಿ ರಜೆಯಾದ ದಿನ 1954ರಲ್ಲಿ ವೆಟರನ್ಸ್ ಡೇ, ಅಂದರೆ ಮಾಜಿ ಸೈನಿಕರ ದಿನ ಆಯಿತು. ಬ್ರಿಟನ್ನಿನಲ್ಲಿ ಆ ದಿನ ಎರಡು ನಿಮಿಷ ಮೌನ ಇದೆ, ರಜೆ ಇಲ್ಲ.

ಅಲ್ಪವಿರಾಮ ಎಷ್ಟು ಉದ್ದ ಇರಬಹುದು ಅಂತ ತಿಳಿಯಬೇಕಾದರೆ ಕೊರಿಯಾ ನೋಡಿ. 1953ರ ಜುಲೈ 27ರಂದು ಅಲ್ಲಿ ಕದನ ನಿಂತಿತು. ಉತ್ತರ ಕೊರಿಯಾದಲ್ಲಿ ಆ ದಿನ ವಿಜಯ ದಿನವೆಂದು ರಜೆ. ಸಹಿ ಬಿದ್ದ ಕಾಗದ ಮಾತ್ರ ಕದನ ವಿರಾಮದ್ದೇ. ಶಾಂತಿ ಒಪ್ಪಂದ ಇನ್ನೂ ಆಗಿಲ್ಲ.