ಮರ್ಕೆಲ್ ಬದಿಗೆ ಸರಿಸಿದ ವಕೀಲರು ವಾಪಸ್ ಬಂದು ಪಕ್ಷದ ಅಧ್ಯಕ್ಷರಾದದ್ದು ಹೇಗೆ?

ಓದುಗರ ಪ್ರಶ್ನೆ: ಜರ್ಮನಿಯ ಫ್ರೆಡ್ರಿಕ್ ಮರ್ಜ್ ರಾಜಕೀಯ ಬಿಟ್ಟು ವಕೀಲಿಕೆಗೆ ಹೋಗಿದ್ದರಂತೆ. ವಾಪಸ್ ಬಂದ ಮೇಲೂ ಎರಡು ಸಲ ಸೋತರು. ಆಮೇಲೆ ಹೇಗೆ ಸಿಡಿಯು ಪಕ್ಷ ಅವರ ಕೈಗೆ ಬಂತು?

ಉತ್ತರ: ಮೂರನೇ ಸಲ ಮತ ಹಾಕಿದವರೇ ಬೇರೆ. ಗುಟ್ಟು ಇರುವುದು ಅಲ್ಲಿ.

ಮರ್ಜ್ ಓದಿದ್ದು ಕಾನೂನು. ಸ್ವಲ್ಪ ಕಾಲ ನ್ಯಾಯಾಧೀಶರಾಗಿದ್ದರು, ಆಮೇಲೆ ವಕೀಲರಾದರು. 1989ರಲ್ಲಿ ಯುರೋಪಿಯನ್ ಸಂಸತ್ತಿಗೆ, 1994ರಲ್ಲಿ ಜರ್ಮನ್ ಸಂಸತ್ತಿಗೆ ಆರಿಸಿ ಬಂದರು. 2000ದಲ್ಲಿ ಸಂಸತ್ತಿನಲ್ಲಿ ತಮ್ಮ ಪಕ್ಷದ ಗುಂಪಿನ ನಾಯಕರಾದರು. ಆದರೆ 2002ರ ಚುನಾವಣೆ ಸೋತ ಮೇಲೆ, ಪಕ್ಷದ ಅಧ್ಯಕ್ಷೆ ಏಂಜೆಲಾ ಮರ್ಕೆಲ್ ಆ ಹುದ್ದೆಯನ್ನೂ ತಾವೇ ತೆಗೆದುಕೊಂಡರು. ತೆರಿಗೆ ಲೆಕ್ಕ ಬಿಯರ್ ಲೋಟದ ಕೆಳಗಿಡುವ ರಟ್ಟಿನ ಮೇಲೆ ಬರೆಯುವಷ್ಟು ಸರಳವಾಗಿರಬೇಕು ಅನ್ನುತ್ತಿದ್ದ ಮರ್ಜ್ ಮೆಲ್ಲಗೆ ಮೂಲೆ ಸೇರಿದರು. 2009ರಲ್ಲಿ ಸಂಸತ್ತನ್ನೂ ಬಿಟ್ಟರು.

ಆಮೇಲೆ ದೊಡ್ಡ ಕಂಪನಿಗಳ ಕಾನೂನು ಕೆಲಸ. 2016ರಿಂದ ಬ್ಲ್ಯಾಕ್‌ರಾಕ್ ಎಂಬ ದೊಡ್ಡ ಹೂಡಿಕೆ ಕಂಪನಿಯ ಜರ್ಮನ್ ಘಟಕದ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷರೂ ಆದರು. ದುಡ್ಡು ಚೆನ್ನಾಗಿಯೇ ಬಂತು. 2018ರಲ್ಲಿ ಅವರು ತಮ್ಮನ್ನು ಮಧ್ಯಮ ವರ್ಗದ ಮೇಲಿನ ಪದರದವನು ಅಂದುಕೊಂಡಾಗ ಜನ ನಕ್ಕರು. ವರ್ಷಕ್ಕೆ ಸುಮಾರು 10 ಲಕ್ಷ ಯೂರೋ ದುಡಿಯುವವರು ಹೀಗಂದರೆ ನಗು ಬರದೆ ಇರುತ್ತಾ?

ಅದೇ ವರ್ಷ ಮರ್ಕೆಲ್ ಪಕ್ಷದ ಅಧ್ಯಕ್ಷ ಸ್ಥಾನ ಬಿಟ್ಟರು. ಮರ್ಜ್ ವಾಪಸ್ ಬಂದು ಅದಕ್ಕೆ ನಿಂತರು. ಅಧ್ಯಕ್ಷರನ್ನು ಆರಿಸುವ ಹಕ್ಕಿದ್ದದ್ದು 1,001 ಪ್ರತಿನಿಧಿಗಳಿಗೆ. ಇವರಲ್ಲಿ ಜಾಸ್ತಿ ಜನ ಪಕ್ಷದಲ್ಲೇ ಹುದ್ದೆ ಹಿಡಿದವರು, ಮರ್ಕೆಲ್ ದಾರಿಗೆ ಒಗ್ಗಿದವರು. ಹ್ಯಾಂಬರ್ಗ್‌ನಲ್ಲಿ ಮರ್ಕೆಲ್‌ಗೆ ಹತ್ತಿರದವರಾದ ಕ್ರಾಂಪ್-ಕಾರೆನ್‌ಬೌರ್ ಅವರಿಗೆ 517 ಮತ, ಮರ್ಜ್‌ಗೆ 482. ಅವರೂ ಸ್ಥಾನ ಬಿಟ್ಟ ಮೇಲೆ, 2021ರ ಜನವರಿಯಲ್ಲಿ ಪ್ರತಿನಿಧಿಗಳು ಮತ್ತೆ ಮತ ಹಾಕಿದಾಗ ಆರ್ಮಿನ್ ಲಾಶೆಟ್ ಅವರಿಗೆ 521, ಮರ್ಜ್‌ಗೆ 466.

ಆ ವರ್ಷ ಸೆಪ್ಟೆಂಬರಿನ ಚುನಾವಣೆಯಲ್ಲಿ ಲಾಶೆಟ್ ನೆಲಕಚ್ಚಿದರು. ಸಿಡಿಯು ಮತ್ತು ಅದರ ಬವೇರಿಯಾದ ಸೋದರ ಪಕ್ಷಕ್ಕೆ ಸೇರಿ ಬಂದದ್ದು ಶೇ 24.1. ಮೇಲಿನವರು ಆರಿಸಿದ್ದು ಸಾಕು, ನಮ್ಮನ್ನೂ ಕೇಳಿ ಅಂತ ಸಾಮಾನ್ಯ ಸದಸ್ಯರು ಪಟ್ಟು ಹಿಡಿದರು. ಡಿಸೆಂಬರಿನಲ್ಲಿ ಎಲ್ಲ ಸದಸ್ಯರಿಗೂ ಮತ ಹಾಕುವ ಅವಕಾಶ ಸಿಕ್ಕಿತು. ಮೊದಲ ಸುತ್ತಿನಲ್ಲೇ ಮರ್ಜ್‌ಗೆ ಶೇ 62! ಬುಡಮಟ್ಟದ ಕಾರ್ಯಕರ್ತರಿಗೆ ಅವರು ಮೊದಲಿಂದಲೂ ಅಚ್ಚುಮೆಚ್ಚು. ಲೆಕ್ಕಕ್ಕೆ ಬರುವ ಹಾಗೆ ಈ ಕಾರ್ಯಕರ್ತರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಸಂಸದರ ವಿಷಯ ಬೇರೆ. 2025ರ ಮೇ 6ರಂದು ಚಾನ್ಸಲರ್ (ಸರ್ಕಾರದ ಮುಖ್ಯಸ್ಥರ) ಆಯ್ಕೆಗೆ ಮರ್ಜ್‌ಗೆ ಬೇಕಿದ್ದದ್ದು 316 ಮತ. ಮೈತ್ರಿಕೂಟದಲ್ಲಿ 328 ಸಂಸದರಿದ್ದರೂ ಗುಪ್ತ ಮತದಾನದಲ್ಲಿ ಬಿದ್ದದ್ದು 310. ಅದೇ ದಿನ ಎರಡನೇ ಸಲ ಮತಕ್ಕೆ ಹಾಕಿ, 325 ಪಡೆದು ಗೆದ್ದರು.