ಪಿಸ್ತೂಲಿಗೆ ದೃಷ್ಟಿ ತಾಗಿದಾಗ

ನನ್ನ ಪಿಸ್ತೂಲಿಗೆ ದೃಷ್ಟಿ ತಾಗಿದೆ ಎಂದು ಮೊದಲು ಹೇಳಿದವರು ನಮ್ಮ ಅತ್ತಿಗೆ. ಆಯುಧಪೂಜೆಯ ದಿನ ಸೈಕಲ್ಲು, ಮಿಕ್ಸಿ, ಸ್ಕ್ರೂಡ್ರೈವರುಗಳ ಜೊತೆ ಅದಕ್ಕೂ ಕುಂಕುಮ ಹಚ್ಚಿದರು. ನಿಂಬೆಹಣ್ಣು ನಿವಾಳಿಸಿ ಕೈಗೆ ಕೊಟ್ಟರು. ಮರುದಿನ ಹೊಡೆದ ಐದೂ ಪೆಲೆಟ್ ಮತ್ತೆ ಎಡಕ್ಕೆ, ಕೆಳಕ್ಕೆ ಹೋದವು. ಸಾಲದ್ದಕ್ಕೆ ಗುರಿ ಹಿಡಿಯಲು ಪಿಸ್ತೂಲಿನ ಹಿಂಬದಿಯಲ್ಲಿರುವ ಸೈಟಿನ ಸಂದಿಯಲ್ಲಿ ಕುಂಕುಮ ಸೇರಿಕೊಂಡಿತ್ತು. ಅದನ್ನು ಹಳೇ ಟೂತ್ ಬ್ರಷ್ಷಿನಿಂದ ಕೆದಕಿ ತೆಗೆಯಲು ಅರ್ಧ ಗಂಟೆ ಹಿಡಿಯಿತು.

ಆದರೆ ಅತ್ತಿಗೆ ಹೇಳಿದ ಮಾತಿನಲ್ಲಿ ಒಂದು ಪದ ಸರಿಯಾಗಿತ್ತು. ಅದು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು.

ಇದು ಮದ್ದಿನ ಪಿಸ್ತೂಲಲ್ಲ. ನಳಿಗೆ ಮಡಚಿ, ಒಳಗಿನ ಸ್ಪ್ರಿಂಗ್ ಎಳೆದು, 4.5 ಮಿಲಿಮೀಟರ್ ದಪ್ಪದ ಸೀಸದ ಪೆಲೆಟ್ ಹಾರಿಸುವ ಏರ್ ಪಿಸ್ತೂಲು. ಸೆಕೆಂಡ್ ಹ್ಯಾಂಡ್. (ಹಾಗಂತ ಆಟದ ಸಾಮಾನೂ ಅಲ್ಲ. ಕಣ್ಣು ತೆಗೆಯುವಷ್ಟು ಬಲ ಅದಕ್ಕಿದೆ. ಗುರಿಯ ಹಿಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆ ಇಲ್ಲದೆ ಹೊಡೆಯಬಾರದು.) ಗುರಿಯ ಕಾಗದ 10 ಮೀಟರ್ ದೂರದಲ್ಲಿರುತ್ತದೆ. ಅದರಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್, ಅಂದರೆ ಒಂದು ಅಂಗಿಯ ಗುಂಡಿಯಷ್ಟು. ಅದರಾಚೆ ಪ್ರತಿ ಅಂಕಕ್ಕೂ 8 ಮಿಲಿಮೀಟರ್ ಅಗಲದ ಪಟ್ಟಿ. ಏಳರಿಂದ ಹತ್ತರವರೆಗಿನ ಭಾಗಕ್ಕೆ ಕಪ್ಪು ಬಣ್ಣ.

ಸೈಟ್ ಅಂದರೆ ಬೆಂಗಳೂರಿನವರಿಗೆ 30×40 ನೆನಪಾಗುತ್ತದೆ. ಪಿಸ್ತೂಲಿನ ಸೈಟಿಗೆ ಅಷ್ಟು ಜಾಗ ಬೇಡ. ಮುಂದೆ ನಳಿಗೆಯ ತುದಿಯಲ್ಲಿ ಒಂದು ಪುಟ್ಟ ಕಂಬ, ಹಿಂದೆ ಚೌಕದ ಕಚ್ಚು ಕೊರೆದ ಒಂದು ತಗಡು. ಕಂಬ ಆ ಕಚ್ಚಿನ ಸರಿಯಾಗಿ ನಡುವೆ ಕಾಣಬೇಕು, ಎರಡೂ ಕಡೆ ಬೆಳಕಿನ ಸಂದಿ ಸಮನಾಗಿರಬೇಕು, ತಲೆಗಳು ಒಂದೇ ಗೆರೆಗೆ ಬರಬೇಕು. ಅಷ್ಟೇ. ಆದರೆ ಒತ್ತುವರಿಯ ವಿಷಯದಲ್ಲಿ ಬೆಂಗಳೂರಿನ ಸೈಟಿಗಿಂತ ಇದು ಜಗಳಗಂಟ.

ಎಷ್ಟು ಜಗಳಗಂಟ ಅಂತ ಲೆಕ್ಕ ಹಾಕೋಣ. ಎರಡು ಸೈಟುಗಳ ನಡುವಿನ ಅಂತರ ಸುಮಾರು 30 ಸೆಂಟಿಮೀಟರ್. ಗುರಿ 10 ಮೀಟರ್ ಆಚೆ. ಭಾಗಿಸಿದರೆ 33. ಮುಂದಿನ ಕಂಬ ಕಚ್ಚಿನೊಳಗೆ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ 33 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ನಾಲ್ಕು ಅಂಕ ಹೋಯಿತು. ಒಂದು ಹಾಳೆ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್ ಅಲ್ವಾ? ಮೂರು ಹಾಳೆಯಷ್ಟು ಸರಿದರೂ ಸಾಕು, ನಡುವಿನಿಂದ 10 ಮಿಲಿಮೀಟರ್ ದೂರ. ಅಂಗಿಯ ಗುಂಡಿ ತಪ್ಪಿತು.

ಬಾಗಿಲನ್ನು ನೋಡಿ. ತಿರುಗಣಿಯ ಹತ್ತಿರ ಒಂದು ಬೆರಳಿನಷ್ಟು ಅಲುಗಿದರೆ ಆಚೆಯ ಅಂಚು ಗೇಣುದ್ದ ಬೀಸುತ್ತದೆ. ಬಾವಿಯ ಏತವೂ ಹಾಗೆಯೇ, ಗಿಡ್ಡ ತುದಿ ಮೊಳದಷ್ಟು ಇಳಿದರೆ ಉದ್ದ ತುದಿ ಆಳುದ್ದ ಏರುತ್ತದೆ. ಕರೆಂಟ್ ಹೋದಾಗ ಟಾರ್ಚ್ ಹಿಡಿದು ಮಣಿಕಟ್ಟನ್ನು ಸ್ವಲ್ಪ ತಿರುಗಿಸಿ, ಗೋಡೆಯ ಮೇಲಿನ ಬೆಳಕು ಕ್ಯಾಲೆಂಡರಿನಿಂದ ಗಡಿಯಾರಕ್ಕೆ ಹಾರುತ್ತದೆ. ಪಿಸ್ತೂಲು ಈ ಮೂರೂ ಹೌದು. ಗಿಡ್ಡ ತೋಳು 30 ಸೆಂಟಿಮೀಟರಿನದ್ದು, ಉದ್ದ ತೋಳು 10 ಮೀಟರಿನದ್ದು, ಕಣ್ಣಿಗೆ ಕಾಣುವುದು ಗಿಡ್ಡದ್ದು ಮಾತ್ರ. ಕೊಡಗಿನ ನನ್ನ ಗೆಳೆಯ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಕೋವಿಯಿಂದ ಒಡೆದು ಬರುವವನು. ನನ್ನ ಪಿಸ್ತೂಲು ಹಿಡಿದರೆ ಕಪ್ಪು ವೃತ್ತದ ಆಚೆಗೇ ಹೊಡೆಯುತ್ತಾನೆ. ಉದ್ದ ಕೋವಿ ಕೊಡುವ ರಿಯಾಯಿತಿ ಗಿಡ್ಡ ಪಿಸ್ತೂಲು ಕೊಡುವುದಿಲ್ಲ.

ಇಲ್ಲೇ ಹೊಸಬರು ಎಡವುವುದು. ಕೈ ನಡುಗುತ್ತದೆ, ಅದೇ ತೊಂದರೆ ಅಂದುಕೊಳ್ಳುತ್ತಾರೆ. ಕಂಬ ಮತ್ತು ಕಚ್ಚು ಕೂಡಿಕೊಂಡೇ ಗುರಿಯ ಮೇಲೆ ಒಂದು ಸೆಂಟಿಮೀಟರ್ ತೂಗಾಡಿದರೆ ತಪ್ಪು ಒಂದು ಸೆಂಟಿಮೀಟರ್, ಅದಕ್ಕಿಂತ ಹೆಚ್ಚಿಲ್ಲ. ಕಣ್ಣಿಗೆ ಕಂಡಷ್ಟೇ ತಪ್ಪು. ಕಂಬ ಕಚ್ಚಿನೊಳಗೆ ಜರುಗುವುದಿದೆಯಲ್ಲ, ಅದು ಕಾಣದ ತಪ್ಪು. ಅದಕ್ಕೆ 33 ಪಟ್ಟು ಬಡ್ಡಿ.

ಇನ್ನು ಅರ್ಜುನನ ಕಥೆಗೆ ಬರೋಣ. ಗುರಿ ಇಡುವ ಮಾತು ಬಂದರೆ ಸಾಕು, ಯಾರಾದರೊಬ್ಬರು ಹಕ್ಕಿಯ ಕಣ್ಣನ್ನು ಎಳೆದು ತರುತ್ತಾರೆ. "ಮರ ಕಾಣಬಾರದು, ಕೊಂಬೆ ಕಾಣಬಾರದು, ಕಣ್ಣು ಮಾತ್ರ ಕಾಣಬೇಕು." ಅರ್ಜುನನ ತಪ್ಪೇನಿಲ್ಲ, ಕಥೆಯ ಆ ಬಿಲ್ಲಿಗೆ ಸೈಟ್ ಇರಲಿಲ್ಲ. ದ್ರೋಣರು ಪಿಸ್ತೂಲು ಕಲಿಸಿದ್ದರೆ ಪ್ರಶ್ನೆಯೇ ಬದಲಾಗುತ್ತಿತ್ತು. ಹಕ್ಕಿಯ ಕಣ್ಣು ಸ್ಪಷ್ಟವಾಗಿ ಕಾಣ್ತಿದೆ ಅಂದವನನ್ನು ಬದಿಗೆ ನಿಲ್ಲಿಸಿ, "ಗುರುಗಳೇ, ಮುಂದಿನ ಕಂಬದ ಅಂಚು ಕಾಣ್ತಿದೆ, ಹಕ್ಕಿ ಮಸುಕಾಗಿದೆ" ಅಂದವನಿಗೆ ಭೇಷ್ ಅನ್ನುತ್ತಿದ್ದರು.

ಏಕೆಂದರೆ ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಚೂಪಾಗಿ ನೋಡಬಲ್ಲದು. ಕೈ ಚಾಚಿದಾಗ ಮುಂದಿನ ಕಂಬ ಕಣ್ಣಿನಿಂದ ಹತ್ತಿರ ಹತ್ತಿರ ಒಂದು ಮೀಟರ್, ಗುರಿ ಹತ್ತು ಮೀಟರ್. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು. ಹಾಗಾದರೆ ಯಾವುದು ಮಸುಕಾದರೆ ನಷ್ಟ ಕಡಿಮೆ? ಹುಣ್ಣಿಮೆಯ ಚಂದ್ರ ತೆಳು ಮೋಡದ ಹಿಂದೆ ಹೋದರೂ ಅದರ ನಡು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ಅಂಚು ಎಲ್ಲ ಕಡೆಯೂ ಒಂದೇ ಸಮ ಕರಗುತ್ತದೆ, ನಡು ಅಲ್ಲೇ ಉಳಿಯುತ್ತದೆ. ಕಪ್ಪು ವೃತ್ತವೂ ಹಾಗೆಯೇ. ಕಂಬದ ಪಕ್ಕದ ಬೆಳಕಿನ ಸಂದಿ ಮಾತ್ರ ಹಾಗಲ್ಲ. ಕಣ್ಣು ಗುರಿಯ ಮೇಲೆ ನೆಟ್ಟರೆ, 3 ಮಿಲಿಮೀಟರ್ ಅಗಲದ ಪಾಪೆಯಲ್ಲಿ, ಕಂಬದ ಅಂಚು ಸುಮಾರು 2.7 ಮಿಲಿಮೀಟರ್ ಹರಡಿಕೊಳ್ಳುತ್ತದೆ. ಸಂದಿಯೇ ಮಾಯ.

ಅದೇ ಕಂಬ ಚೂಪಾಗಿ ಕಂಡರೆ ಕಣ್ಣು ಒಂದು ಪವಾಡ ಮಾಡುತ್ತದೆ. ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಕಾಣಲು ನಮಗೆ ಸುಮಾರು ಒಂದು ಡಿಗ್ರಿಯ 60ನೇ ಒಂದು ಪಾಲಿನಷ್ಟು ಅಂತರ ಬೇಕು. ಆದರೆ ಎರಡು ಗೆರೆಗಳು ಒಂದಕ್ಕೊಂದು ಕೂಡಿವೆಯೇ ಇಲ್ಲವೇ ಎಂದು ಹೇಳುವುದರಲ್ಲಿ ಕಣ್ಣು ಅದಕ್ಕಿಂತ ಆರೇಳು ಪಟ್ಟು ಚುರುಕು. ಪಿಯುಸಿ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು "ಯಾವ ಗೆರೆ ಕೂಡ್ತಿದೆ" ಅಂತ ಇಣುಕಿದ್ದು ನೆನಪಿದೆಯೇ? ಪಿಯರ್ ವರ್ನಿಯರ್ 1631ರಲ್ಲಿ ಆ ಅಳತೆಗೋಲನ್ನು ಪ್ರಕಟಿಸಿದಾಗ ನಂಬಿದ್ದು ಕಣ್ಣಿನ ಇದೇ ಶಕ್ತಿಯನ್ನು. ಒಂದು ಮೀಟರ್ ದೂರದ ಕಂಬದಲ್ಲಿ ಅದು 0.05 ಮಿಲಿಮೀಟರ್ ಸರಿದದ್ದನ್ನೂ ಹಿಡಿಯಬಲ್ಲದು. ಅರ್ಧ ಹಾಳೆಯ ದಪ್ಪ! ಕಳ್ಳನನ್ನು ಹಿಡಿಯುವ ಇಂಥ ಪೊಲೀಸನನ್ನು ಮನೆಯಲ್ಲೇ ಇಟ್ಟುಕೊಂಡು, ನಾವು ಅವನನ್ನು ಹತ್ತು ಮೀಟರ್ ಆಚೆಗೆ ಹಕ್ಕಿ ನೋಡಲು ಕಳಿಸುತ್ತೇವೆ.

ಸರಿ, ನನ್ನ ಪಿಸ್ತೂಲು. ಎಲ್ಲರಂತೆ ನಾನೂ ಮೊದಲು ಹಿಂದಿನ ಸೈಟನ್ನು ಸರಿಸುವ ಸ್ಕ್ರೂ ತಿರುಗಿಸಿದೆ. ತಪ್ಪು. ಐದು ಪೆಲೆಟ್ ಹೊಡೆದು ಗುಂಪು ನೋಡುವುದಕ್ಕೆ ಮೊದಲು ಸ್ಕ್ರೂ ಮುಟ್ಟಲೇಬಾರದು. ಗುಂಪು ಒತ್ತಾಗಿದ್ದು ಬೇರೆ ಕಡೆ ಬಿದ್ದಿದ್ದರೆ ಸೈಟಿನ ಜಾಗ ಸರಿಯಿಲ್ಲ. ಗುಂಪೇ ಚದುರಿದ್ದರೆ ಬೇರೇನೋ ಇದೆ. ಆಗ ಸ್ಕ್ರೂ ತಿರುಗಿಸುವುದು ಜ್ವರ ಬಂದವನ ಥರ್ಮಾಮೀಟರನ್ನು ತಿದ್ದಿದ ಹಾಗೆ.

ಈ ರೀತಿ ಒಂದೊಂದೇ ಕಾರಣವನ್ನು ತೆಗೆದುಹಾಕುವ ವಿದ್ಯೆಯಲ್ಲಿ ನನ್ನ ಗುರು ಥಾಮಸ್ ಯಂಗ್. ಬೆಳಕು ಅಲೆ ಎಂದು ತೋರಿಸಿದ ಅದೇ ಯಂಗ್. ಹತ್ತಿರದ್ದನ್ನೂ ದೂರದ್ದನ್ನೂ ನೋಡಲು ಕಣ್ಣಿನಲ್ಲಿ ಬದಲಾಗುವುದು ಏನು? ಮುಂದಿನ ಉಬ್ಬೇ? ಕಣ್ಣುಗುಡ್ಡೆಯ ಉದ್ದವೇ? ಒಳಗಿನ ಮಸೂರವೇ? 1801ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಆತ ಮಾಡಿದ ಕೆಲಸ ಓದಿದರೆ ಮೈ ಜುಮ್ಮೆನ್ನುತ್ತದೆ. ಸಸ್ಯ ನೋಡುವ ಸಣ್ಣ ಮೈಕ್ರೋಸ್ಕೋಪಿನ ಮಸೂರ ಬಿಚ್ಚಿ, ಅಂಚಿಗೆ ಮೇಣ ಮೆತ್ತಿ, ನೀರು ತುಂಬಿ, ತನ್ನ ಕಣ್ಣಿಗೇ ಒತ್ತಿಕೊಂಡ. ನೀರಿನೊಳಗೆ ಕಣ್ಣಿನ ಮುಂದಿನ ಉಬ್ಬಿನ ಆಟ ನಡೆಯುವುದಿಲ್ಲ. ಆದರೂ ಹತ್ತಿರ ದೂರ ಎರಡೂ ಹೊಂದಿಕೊಂಡವು. ಅದು ಔಟ್. ಆಮೇಲೆ ಬೀಗದ ಕೈಯ ಬಳೆಯನ್ನು ಕಣ್ಣುಗುಡ್ಡೆಯ ಹಿಂಭಾಗದವರೆಗೆ ತೂರಿಸಿ, ಗುಡ್ಡೆ ಉದ್ದವಾಗದಂತೆ ಅದುಮಿದ. ಹೊಂದಿಕೆ ನಿಲ್ಲಲಿಲ್ಲ. ಅದೂ ಔಟ್. ಪೊರೆಯ ಆಪರೇಷನ್ನಿನಲ್ಲಿ ಮಸೂರ ಕಳೆದುಕೊಂಡವರನ್ನು ನೋಡಿದ, ಅವರಿಗೆ ಹೊಂದಿಕೆಯೇ ಇರಲಿಲ್ಲ. ಉಳಿದ ಕಳ್ಳ ಸಿಕ್ಕಿಬಿದ್ದ. ದಯವಿಟ್ಟು ಮನೆಯಲ್ಲಿ ಇದನ್ನು ಮಾಡಬೇಡಿ.

ನಾನು ಮಾಡಿದ್ದು ಇಷ್ಟೇ. ಒಂದು ಚೀಲಕ್ಕೆ ಅಕ್ಕಿ ತುಂಬಿ, ಅದರ ಮೇಲೆ ಕೈ ಊರಿ ಹೊಡೆದೆ. (ಸ್ಪ್ರಿಂಗ್ ಪಿಸ್ತೂಲನ್ನು ನೇರವಾಗಿ ಚೀಲದ ಮೇಲೆ ಇಡಬಾರದು. ಅದು ಪುಟಿಯುವ ರೀತಿ ಬದಲಾಗಿ ಪೆಲೆಟ್ ಬೇರೆ ಕಡೆ ಹೋಗುತ್ತದೆ.) ಕೆಳಕ್ಕೆ ಬೀಳುವುದು ತಕ್ಷಣ ನಿಂತಿತು. ಅಂದರೆ ಅದು ನನ್ನ ಬೆರಳಿನ ಅವಸರ. ಬಲಗೈಯವರು ಟ್ರಿಗರನ್ನು ಕಿತ್ತರೆ ಪೆಲೆಟ್ ಸಾಮಾನ್ಯವಾಗಿ ಎಡಕ್ಕೂ ಕೆಳಕ್ಕೂ ಹೋಗುತ್ತದೆ. ಇನ್ನೂ ಸ್ವಲ್ಪ ಎಡಕ್ಕೇ ಬೀಳುತ್ತಿತ್ತು. ಹಿಂದಿನ ಸೈಟನ್ನು ಪೆಲೆಟ್ ಹೋಗಬೇಕಾದ ಕಡೆಗೆ, ಅಂದರೆ ಬಲಕ್ಕೆ, ಸರಿಸಬೇಕು. ಕಡಿಮೆ ಬೆಲೆಯ ಸೈಟಿನ ಸ್ಕ್ರೂನಲ್ಲಿ ಆಟ ಜಾಸ್ತಿ, ತಿರುಗಿಸಿದರೂ ಮೊದಲ ಒಂದೆರಡು ಕ್ಲಿಕ್ಕು ಸುಮ್ನೆ ಹೋಗುತ್ತವೆ. ಅದಕ್ಕೆ ಯಾವಾಗಲೂ ಒಂದೇ ದಿಕ್ಕಿನಿಂದ ತಿರುಗಿಸಿ ನಿಲ್ಲಿಸಬೇಕು. ಜರ್ಮನಿಯ ಸ್ಕ್ರೂ ಮೇಲೆ ಎಚ್, ಟಿ ಅಂತ ಇದ್ದರೆ ಗಾಬರಿ ಬೇಡ, ಅವು ಅವರ ಭಾಷೆಯಲ್ಲಿ ಮೇಲೆ, ಕೆಳಗೆ.

"ಗನ್ ಮೇಲಕ್ಕೆ ಹೊಡೆಯುತ್ತೆ" ಎಂಬ ದೂರಿನಲ್ಲಿ ಬಹುಪಾಲು ದೂರೇ ಅಲ್ಲ. ಕಪ್ಪು ಕಂಬವನ್ನು ಕಪ್ಪು ವೃತ್ತದ ಮೇಲಿಟ್ಟರೆ ಕಾಣುವುದಿಲ್ಲ. ಅದಕ್ಕೆ ಪಿಸ್ತೂಲಿನವರು ವೃತ್ತದ ಕೆಳಗೆ, ಬಿಳಿಯ ಜಾಗದಲ್ಲಿ ಕಂಬ ನಿಲ್ಲಿಸುತ್ತಾರೆ. ಪೆಲೆಟ್ ಮೇಲೆ ನಡುವಿಗೆ ಬೀಳುವಂತೆ ಸೈಟ್ ಇಟ್ಟಿರುತ್ತಾರೆ. ಅಂಥ ಪಿಸ್ತೂಲು ಕೊಂಡು ನಡುವಿಗೇ ಗುರಿಯಿಟ್ಟರೆ 30 ಮಿಲಿಮೀಟರಿಗಿಂತ ಮೇಲೆ ಬೀಳದೆ ಇನ್ನೇನು?

ಅತ್ತಿಗೆಯ ಪೂಜೆಯ ತಟ್ಟೆಯಲ್ಲಿ ಕೆಲಸಕ್ಕೆ ಬಂದ ವಸ್ತು ಒಂದಿತ್ತು: ಕರ್ಪೂರ. ಟ್ಯೂಬ್‌ಲೈಟಿನ ಬೆಳಕಿಗೆ ಕಂಬದ ಒಂದು ಅಂಚು ಹೊಳೆದರೆ ಕಣ್ಣು ಅದರ ನಡುವನ್ನು ತಪ್ಪಾಗಿ ಹಿಡಿಯುತ್ತದೆ. ಹಳೆಯ ಗುರಿಕಾರರು ಕರ್ಪೂರದ ಹೊಗೆ ಹಿಡಿಸಿ ಸೈಟನ್ನು ಮಸಿಯಂತೆ ಕಪ್ಪು ಮಾಡುತ್ತಿದ್ದರು. ನನ್ನ ಸೈಟ್ ಪ್ಲಾಸ್ಟಿಕ್ಕಿನದ್ದು, ಕರಗೀತು ಅಂತ ಕಪ್ಪು ಮಾರ್ಕರ್ ಬಳಿದೆ.

ಗುಂಪು ನಡುವಿಗೆ ಬಂತು. ಆದರೆ ಒತ್ತಾಗಲಿಲ್ಲ. ನಳಿಗೆಯ ತಿರುಗಣಿ ಸಡಿಲವಿರಬಹುದೇ ಎಂದು ಅಲುಗಿಸಿ ನೋಡಿದೆ, ಇರಲಿಲ್ಲ. ಬೇರೆ ಪೆಲೆಟ್ ತಂದೆ, ಅದೇ ಕಥೆ. ಕೊನೆಗೆ ಯಂಗ್ ಮಾಡದ ಒಂದು ಕೆಲಸ ಮಾಡಿದೆ, ಕಣ್ಣನ್ನೇ ಬದಲಾಯಿಸಿದೆ. ಹತ್ತೊಂಬತ್ತು ವರ್ಷದ ಅಣ್ಣನ ಮಗನನ್ನು ಅದೇ ಅಕ್ಕಿ ಚೀಲದ ಹಿಂದೆ ಕೂರಿಸಿದೆ. ಐದೂ ಪೆಲೆಟ್ ಒಂದು ರೂಪಾಯಿ ನಾಣ್ಯದೊಳಗೆ. "ಚಿಕ್ಕಪ್ಪ, ಗನ್ ಸರಿಯಾಗೇ ಇದೆಯಲ್ಲ" ಅಂದ, ಸ್ವಲ್ಪವೂ ಕರುಣೆಯಿಲ್ಲದೆ.

ನಲವತ್ತು ದಾಟಿದ ಮೇಲೆ ಯಂಗ್ ಹಿಡಿದ ಆ ಮಸೂರ ಬಿರುಸಾಗುತ್ತದೆ. ನನ್ನದು ಪ್ರೋಗ್ರೆಸಿವ್ ಕನ್ನಡಕ, ಅಂದರೆ ಒಂದೇ ಗಾಜಿನಲ್ಲಿ ಮೇಲಿನಿಂದ ಕೆಳಕ್ಕೆ ನಂಬರು ಬದಲಾಗುತ್ತಾ ಹೋಗುವಂಥದ್ದು. ತಲೆ ಸ್ವಲ್ಪ ವಾಲಿದರೆ ಕಂಬ ಒಂದು ನಂಬರಿನಲ್ಲಿ, ಇನ್ನೊಂದು ಸಲ ಬೇರೆ ನಂಬರಿನಲ್ಲಿ ಕಾಣುತ್ತಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೇಚ್ ಸಾದಾ ಕನ್ನಡಕ ಹಾಕಿ, ಜೇಬಿನಲ್ಲಿ ಕೈಯಿಟ್ಟು ಏರ್ ಪಿಸ್ತೂಲಿನ ಮಿಶ್ರ ಜೋಡಿ ಪಂದ್ಯದಲ್ಲಿ ಬೆಳ್ಳಿ ಗೆದ್ದಾಗ ಜನ "ಸಲಕರಣೆ ಎಲ್ಲ ದಂಡ" ಅಂದರು. (ಜೇಬಿನಲ್ಲಿ ಕೈ ಇಡುವುದು ಸ್ಟೈಲಲ್ಲ, ದೇಹ ಅಲುಗದಿರಲಿ ಅಂತ ಬಹಳ ಮಂದಿ ಹಾಗೇ ಮಾಡುತ್ತಾರೆ. ಅದೇ ಪಂದ್ಯದ ಕಂಚು ನಮ್ಮ ಮನು ಭಾಕರ್, ಸರಬ್‌ಜೋತ್ ಸಿಂಗ್ ಅವರದ್ದು.) ಕಣ್ಣಿಗೆ ತಕ್ಕ ಗಾಜು ಇದ್ದವರಿಗೆ ಸಾದಾ ಕನ್ನಡಕವೇ ಸಾಕು. ನನ್ನಂಥವರಿಗೆ ಸಾಮಾನ್ಯವಾಗಿ ದೂರದ ನಂಬರಿಗೆ +0.5 ಅಥವಾ +0.75 ಸೇರಿಸಿದ ಒಂದೇ ನಂಬರಿನ ಗಾಜು ಬೇಕಾಗುತ್ತದೆ.

ಕನ್ನಡಕದ ಅಂಗಡಿಗೆ ಪಿಸ್ತೂಲು ಒಯ್ಯುವುದು ಒಳ್ಳೆಯದಲ್ಲ. ಮರದ ಸ್ಕೇಲಿನ ತುದಿಗೆ ಕಪ್ಪು ಬಳಿದ ಬೆಂಕಿಕಡ್ಡಿ ಅಂಟಿಸಿಕೊಂಡು ಹೋದೆ. ಕೈ ಚಾಚಿ ನಿಂತವನನ್ನು ಅಂಗಡಿಯಲ್ಲಿದ್ದವರೆಲ್ಲ ನೋಡಿದರು. ಕಣ್ಣು ಪರೀಕ್ಷೆಯ ಹುಡುಗಿ ಗಾಜು ಬದಲಿಸುತ್ತಾ ಹೋದಳು. ಒಂದು ಗಾಜಿಗೆ ಕಡ್ಡಿಯ ಎರಡೂ ಅಂಚು ಕೊರೆದಿಟ್ಟ ಹಾಗೆ ನಿಂತವು.

"ಇದೇ, ಇದೇ" ಅಂದೆ.

"ಬೋರ್ಡಿನ ಅಕ್ಷರ ಕಾಣ್ತಿದೆಯಾ ಸರ್?"

"ಇಲ್ಲಮ್ಮ, ಎಲ್ಲ ಮಸುಕು."

ಅವಳು ಗಾಜು ತೆಗೆಯಲು ಕೈ ಚಾಚಿದಳು. ನಾನು ತಲೆ ಹಿಂದಕ್ಕೆ ಸರಿಸಿದೆ.