ಪಿಎಸ್‌ಎ ನಾಲ್ಕು ದಾಟಿದರೆ: ಒಂದು ರಕ್ತಪರೀಕ್ಷೆಯ ಹಿನ್ನೆಲೆ

ಐವತ್ತು ದಾಟಿದ ಗಂಡಸರ ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಸಕ್ಕರೆ, ಕೊಲೆಸ್ಟ್ರಾಲ್ ಜೊತೆಗೆ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕುವ ಪಿಎಸ್‌ಎ ರಕ್ತಪರೀಕ್ಷೆಯೂ ಸೇರಿರುತ್ತದೆ. ಬೇಕೇ ಬೇಡವೇ ಎಂದು ಕೇಳುವವರು ಕಡಿಮೆ. 4.0 (ಮಿಲಿಲೀಟರಿಗೆ ನ್ಯಾನೋಗ್ರಾಂ) ಮೀರಿದ ಅಂಕಿ ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಬಂದ ಮೇಲೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಈ ನಾಲ್ಕರ ಗೆರೆ ಎಲ್ಲಿಂದ ಬಂತು, ಅದನ್ನು ನಂಬಿದ ದೇಶಗಳು ಆಮೇಲೆ ಏನನ್ನು ತಿದ್ದಿಕೊಂಡವು ಎಂಬುದು ಗೊತ್ತಿದ್ದರೆ ಅಷ್ಟು ಆತುರಪಡಬೇಕಾಗಿಲ್ಲ.

ಪ್ರಾಸ್ಟೇಟ್ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ, ಸುಮಾರು 20 ಗ್ರಾಂ ತೂಕದ ಗ್ರಂಥಿ. ಪಿಎಸ್‌ಎ ಅದು ತಯಾರಿಸುವ ಪ್ರೋಟೀನು. ಕ್ಯಾನ್ಸರ್ ಇಲ್ಲದಿದ್ದರೂ ಸ್ವಲ್ಪ ರಕ್ತಕ್ಕೆ ಸೋರುತ್ತಲೇ ಇರುತ್ತದೆ. ವಯಸ್ಸಾದಂತೆ ಗ್ರಂಥಿ ದಪ್ಪಗಾದರೂ, ಮೂತ್ರದ ಸೋಂಕಾದರೂ, ಕ್ಯಾತಿಟರ್ ಹಾಕಿದರೂ ಏರುತ್ತದೆ. ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಪದೇ ಪದೇ ಮೂತ್ರಕ್ಕೆ ಹೋಗುವುದು, ಧಾರೆ ಸಣ್ಣಗಾಗುವುದು ಬಹುಮಟ್ಟಿಗೆ ಗ್ರಂಥಿಯ ಒಳಭಾಗ ಊದಿದ್ದರ ಲಕ್ಷಣ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹೊರ ಅಂಚಿನಲ್ಲಿ, ಮೂತ್ರನಾಳದಿಂದ ದೂರ. ಆರಂಭದಲ್ಲಿ ಅದು ಯಾವ ಸುಳಿವನ್ನೂ ಕೊಡುವುದಿಲ್ಲ.

ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ ಮಿಂಗ್ ಚೂ ಅವರ ತಂಡ 1979ರಲ್ಲಿ ಈ ಪ್ರೋಟೀನನ್ನು ಪ್ರತ್ಯೇಕಿಸಿತು. 1986ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಪರೀಕ್ಷೆಗೆ ಅನುಮತಿ ಕೊಟ್ಟದ್ದು ಆಗಲೇ ಕ್ಯಾನ್ಸರ್ ಇದ್ದವರ ಮೇಲೆ ನಿಗಾ ಇಡುವುದಕ್ಕಷ್ಟೇ. 1991ರಲ್ಲಿ ಅಮೆರಿಕದ ಮೂತ್ರರೋಗ ತಜ್ಞ ವಿಲಿಯಂ ಕ್ಯಾಟಲೋನಾ 4.0 ಗೆರೆಯನ್ನಿಟ್ಟು ಆರೋಗ್ಯವಂತರಲ್ಲೂ ಕ್ಯಾನ್ಸರ್ ಹುಡುಕಬಹುದೆಂದು ತೋರಿಸಿದರು; 1994ರಲ್ಲಿ ಅದಕ್ಕೂ ಅನುಮತಿ ಸಿಕ್ಕಿತು. ಅಷ್ಟರಲ್ಲೇ ಪರೀಕ್ಷೆ ಎಲ್ಲೆಡೆ ಹಬ್ಬಿ, 1992ರಲ್ಲಿ ಅಮೆರಿಕದಲ್ಲಿ ಹೊಸ ರೋಗಿಗಳ ಪ್ರಮಾಣ ತುತ್ತತುದಿಗೇರಿತ್ತು.

ತೊಂದರೆ ಶುರುವಾದದ್ದು ಅಲ್ಲಿ. ಬೇರೆ ಕಾರಣಕ್ಕೆ ತೀರಿಕೊಂಡ ವೃದ್ಧರ ಮರಣೋತ್ತರ ಪರೀಕ್ಷೆಯಲ್ಲೂ ಪ್ರಾಸ್ಟೇಟಿನಲ್ಲಿ ಸಣ್ಣ ಕ್ಯಾನ್ಸರ್ ಕಾಣುವುದು ಮಾಮೂಲು. ಬದುಕಿರುವವರೆಗೂ ಕಾಟ ಕೊಡದಂಥ ಇಂಥ ಗಡ್ಡೆಗಳು ಈಗ ಸಾಲುಸಾಲಾಗಿ ಪತ್ತೆಯಾದವು. ಪತ್ತೆಯಾದದ್ದಕ್ಕೆಲ್ಲ ಆಪರೇಷನ್ನೋ ರೇಡಿಯೇಷನ್ನೋ ನಡೆಯಿತು. ಎಷ್ಟೋ ಜನರಿಗೆ ಉಳಿದದ್ದು ಮೂತ್ರ ಸೋರಿಕೆ ಮತ್ತು ಲೈಂಗಿಕ ದೌರ್ಬಲ್ಯ.

ಲಾಭವೂ ಸುಳ್ಳಲ್ಲ. 1,62,000ಕ್ಕೂ ಹೆಚ್ಚು ಗಂಡಸರ ಯುರೋಪಿನ ಅಧ್ಯಯನ 2009ರಲ್ಲಿ ಹೇಳಿದ ಲೆಕ್ಕ ಇದು: ಒಂದು ಸಾವು ತಪ್ಪಿಸಲು 1,410 ಮಂದಿಯನ್ನು ತಪಾಸಣೆಗೆ ಕರೆದು, ಹೆಚ್ಚುವರಿಯಾಗಿ 48 ಮಂದಿಗೆ ಚಿಕಿತ್ಸೆ ಮಾಡಬೇಕು. 23 ವರ್ಷಗಳ ಲೆಕ್ಕ 2025ರಲ್ಲಿ ಬಂದಾಗ ಅದು 456ಕ್ಕೆ ಮತ್ತು ಹೆಚ್ಚುವರಿಯಾಗಿ ಪತ್ತೆಯಾಗುವ 12 ಮಂದಿಗೆ ಇಳಿದಿತ್ತು. ನಿಧಾನವಾಗಿ ಬೆಳೆಯುವ ರೋಗದಲ್ಲಿ ಲಾಭವೂ ತಡವಾಗಿಯೇ ಕಾಣುತ್ತದೆ. ಅದೇ 2009ರಲ್ಲಿ ಅಮೆರಿಕದ ಅಧ್ಯಯನ ಲಾಭವಿಲ್ಲ ಎಂದಿತು. ಆದರೆ ತಪಾಸಣೆ ಇಲ್ಲದ ಗುಂಪಿನವರಲ್ಲೂ ಹೆಚ್ಚಿನವರು ತಾವಾಗಿಯೇ ಪಿಎಸ್‌ಎ ಮಾಡಿಸಿಕೊಂಡಿದ್ದರಿಂದ ಹೋಲಿಕೆಯೇ ಕೆಟ್ಟಿತ್ತು. ಅಲ್ಲಿನ ತಜ್ಞರ ಸಮಿತಿ 2012ರಲ್ಲಿ ತಪಾಸಣೆ ಬೇಡವೆಂದು, 2018ರಲ್ಲಿ 55ರಿಂದ 69ರ ನಡುವಿನವರು ವೈದ್ಯರೊಡನೆ ಮಾತಾಡಿ ತಾವೇ ತೀರ್ಮಾನಿಸಲಿ, 70 ದಾಟಿದವರಿಗೆ ಬೇಡ ಎಂದು ಹೇಳಿತು.

ನಿಜವಾಗಿ ಗಂಟು ಬಿಚ್ಚಿದ್ದು ಪತ್ತೆಯನ್ನೂ ಚಿಕಿತ್ಸೆಯನ್ನೂ ಬೇರ್ಪಡಿಸಿದಾಗ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಮಂದಿಯನ್ನು ಆಪರೇಷನ್, ರೇಡಿಯೇಷನ್, ಬರೀ ನಿಗಾ ಎಂದು ಮೂರು ಗುಂಪು ಮಾಡಿದ್ದರು. 15 ವರ್ಷಗಳ ನಂತರ ಈ ಕ್ಯಾನ್ಸರಿನಿಂದ ಸತ್ತವರು ಮೂರೂ ಗುಂಪಿನಲ್ಲಿ ಶೇ. 3ರ ಆಸುಪಾಸು. ನಿಗಾದಲ್ಲಿದ್ದವರಲ್ಲಿ ರೋಗ ಹರಡಿದ್ದು ಮಾತ್ರ ಹೆಚ್ಚು: ಶೇ. 9.4, ಉಳಿದೆರಡರಲ್ಲಿ ಶೇ. 5ರಷ್ಟು. ಆದ್ದರಿಂದ ನಿಗಾ ಎಂದರೆ ಸುಮ್ಮನಿರುವುದಲ್ಲ. ನಿಯಮಿತ ಪಿಎಸ್‌ಎ, ಆಗಾಗ ಎಂಆರ್‌ಐ, ಮತ್ತೆ ಬಯಾಪ್ಸಿ (ಗ್ರಂಥಿಯ ತುಣುಕು ತೆಗೆದು ಪರೀಕ್ಷಿಸುವುದು) ಇವೆಲ್ಲವೂ ಅದರಲ್ಲಿ ಸೇರಿವೆ.

ಇನ್ನು ನಿಮ್ಮ ರಿಪೋರ್ಟಿಗೆ ಬರೋಣ. ಸ್ವಲ್ಪ ಏರಿದ್ದರೆ ಕೆಲವು ವಾರ ಬಿಟ್ಟು, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ, ಮತ್ತೆ ಮಾಡಿಸಿ. ಅದಕ್ಕೆ ಮುಂಚಿನ ಎರಡು ದಿನ ವೀರ್ಯಸ್ಖಲನ, ಸೈಕಲ್ ಸವಾರಿ ಬೇಡ. ಸೋಂಕಾಗಿದ್ದರೆ ಆರು ವಾರ ಕಾಯಿರಿ. ದಪ್ಪಗಾದ ಗ್ರಂಥಿಯನ್ನು ಕುಗ್ಗಿಸುವ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆ ಆರು ತಿಂಗಳು ನುಂಗಿದವರಲ್ಲಿ ಅಂಕಿ ಅರ್ಧಕ್ಕಿಳಿಯುತ್ತದೆ. ಅವರ 2.5 ಎಂದರೆ 5 ಎಂದೇ ಓದಬೇಕು. ಇದನ್ನು ವೈದ್ಯರಿಗೆ ಹೇಳದೆ ಸಮಾಧಾನಪಟ್ಟುಕೊಳ್ಳುವುದು ಅಪಾಯ. ತಂದೆಗೋ ಅಣ್ಣ-ತಮ್ಮನಿಗೋ ಈ ರೋಗವಿದ್ದರೆ ಸಾಧ್ಯತೆ ಸುಮಾರು ಎರಡು ಪಟ್ಟು. ಬಿಆರ್‌ಸಿಎ2 ಜೀನ್ ದೋಷವಿರುವ ಮನೆತನಗಳಲ್ಲಿ ರೋಗ ಉಗ್ರವಾಗಿಯೂ ಬರುತ್ತದೆ. ಇಂಥವರು 50ರವರೆಗೆ ಕಾಯದೆ 40–45ರಲ್ಲೇ ವೈದ್ಯರನ್ನು ಕೇಳುವುದು ಸರಿ.

ಮತ್ತೂ ಏರಿಯೇ ಇದ್ದರೆ ಮೊದಲು ಎಂಆರ್‌ಐ, ಆಮೇಲೆ ಅಗತ್ಯವಿದ್ದವರಿಗೆ ಬಯಾಪ್ಸಿ. ಬಯಾಪ್ಸಿಯಲ್ಲಿ ಸಾಮಾನ್ಯವಾಗಿ 12 ಕಡೆಯಿಂದ, ದಾರದಷ್ಟು ತೆಳ್ಳಗೆ, ಒಂದೂವರೆ ಸೆಂಟಿಮೀಟರಿನಷ್ಟು ಉದ್ದದ ತುಣುಕು ತೆಗೆಯುತ್ತಾರೆ. ಎಂಆರ್‌ಐಯಲ್ಲಿ ಅನುಮಾನ ಬಂದ ಜಾಗದಿಂದಲೂ ಪ್ರತ್ಯೇಕವಾಗಿ ತುಣುಕು ತೆಗೆಯುತ್ತಾರೆ. ಕ್ಯಾನ್ಸರ್ ಎಷ್ಟು ಉಗ್ರವೆಂದು ಹೇಳುವ ಗ್ಲೀಸನ್ ಅಂಕ ರಿಪೋರ್ಟಿನಲ್ಲಿ ಎರಡು ಅಂಕಿಗಳ ಜೋಡಿಯಾಗಿರುತ್ತದೆ; ಅದನ್ನು ಕೂಡಿಸಿ ನೋಡಿ ಸುಮ್ಮನಾಗಬೇಡಿ. ಮೊದಲ ಅಂಕಿ ಹೆಚ್ಚು ಜಾಗದಲ್ಲಿ ಕಂಡ ಬಗೆಯದ್ದು. ಹಾಗಾಗಿ 3+4 ಮತ್ತು 4+3 ಎರಡೂ ಏಳೇ ಆದರೂ ಎರಡನೆಯದು ಹೆಚ್ಚು ಉಗ್ರ. 3+3 ಇದ್ದವರಲ್ಲಿ ಬಹುಪಾಲು ಜನರಿಗೆ ನಿಗಾ ಸಾಕು. ಆ ಹಂತದಲ್ಲಿ ಆಪರೇಷನ್‌ಗೆ ಅವಸರಪಡಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದಕ್ಕೆ ಧಾರಾಳ ಸಮಯವಿರುತ್ತದೆ.

ನಮ್ಮಲ್ಲಿ ದೊಡ್ಡ ಚಿಂತೆ ಇದಕ್ಕೆ ಉಲ್ಟಾ. ಸರ್ಕಾರದ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗೆ ಸೀಮಿತ. 1982ರಿಂದ ಕಿದ್ವಾಯಿ ಸಂಸ್ಥೆ ಇಟ್ಟಿರುವ ಬೆಂಗಳೂರಿನ ದಾಖಲೆಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಏರುತ್ತಲೇ ಬಂದಿದೆ. ಪ್ಯಾಕೇಜಿನ ಚೆಕಪ್ ಕಾಣದವರಲ್ಲಿ ಅನೇಕರು ಆಸ್ಪತ್ರೆಗೆ ಬರುವುದೇ ರೋಗ ಮೂಳೆಗೆ ಹರಡಿದ ಮೇಲೆ. ಸೊಂಟನೋವಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿರುತ್ತಾರೆ.

ಆಗಲೂ ದಾರಿಯಿದೆ. ಪುರುಷ ಹಾರ್ಮೋನು ತಗ್ಗಿಸಿದರೆ ರೋಗ ಕುಗ್ಗುತ್ತದೆಂದು ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. 1966ರಲ್ಲಿ ನೊಬೆಲ್ ಬಂತು. ವೃಷಣ ತೆಗೆಯುವ ಸಣ್ಣ ಆಪರೇಷನ್ ಒಮ್ಮೆ ಮಾಡಿದರೆ ಮುಗಿಯಿತು, ಖರ್ಚೂ ಕಡಿಮೆ. ಇಂಜೆಕ್ಷನ್ ಆದರೆ ತಿಂಗಳಿಗೋ ಮೂರು ತಿಂಗಳಿಗೋ ತಪ್ಪದೆ ಬೇಕು. ಲ್ಯುಪ್ರೊಲೈಡ್‌ನಂಥವು ಮೊದಲ ಒಂದೆರಡು ವಾರ ಹಾರ್ಮೋನನ್ನು ಏರಿಸುವುದರಿಂದ ಜೊತೆಗೆ ಆ ಹಾರ್ಮೋನಿನ ಪರಿಣಾಮ ತಡೆಯುವ ಬೈಕಲುಟಮೈಡ್‌ನಂಥ ಮಾತ್ರೆ ಕೊಡುತ್ತಾರೆ; ಆ ಮಾತ್ರೆ ತಪ್ಪಿಸಿದರೆ ಬೆನ್ನುಮೂಳೆಯ ಗಡ್ಡೆ ಊದಿ ನರ ಒತ್ತಬಹುದು. ಕಾಲಿನ ಶಕ್ತಿ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅಂದೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನಡೆಯುವ ಶಕ್ತಿ ಇರುವಾಗಲೇ ಚಿಕಿತ್ಸೆ ಶುರುವಾದವರಲ್ಲಿ ಹೆಚ್ಚಿನವರು ಮುಂದೆಯೂ ನಡೆಯುತ್ತಾರೆ. ಕಾಲು ಪೂರ್ತಿ ಬಿದ್ದ ಮೇಲೆ ಮತ್ತೆ ಎದ್ದು ಓಡಾಡುವವರು ವಿರಳ.